ಗಿಂಪ್‌ನಲ್ಲಿ ದೀಪ ಉರಿಸಿದ ನಾಲ್ಕು ವರ್ಷ

ಅಪ್ಪ ತೆಗೆದ ಒಂದು ಫೋಟೋ ನಮ್ಮ ಹತ್ತಿರ ಇದೆ. ತೀರ್ಥಹಳ್ಳಿ ಕಡೆಯ ಅಜ್ಜನ ಮನೆ. ಹಂಚಿನ ಮಾಡು, ಉದ್ದ ಜಗಲಿ, ಸುಣ್ಣ ಹೊಡೆದ ಗೋಡೆ. ಅಂಗಳದಲ್ಲಿ ತುಳಸಿ ಕಟ್ಟೆ, ಅದರ ಮೇಲೊಂದು ಹಣತೆ. ಮುಸ್ಸಂಜೆ ಹೊತ್ತು. ಆ ಮನೆ ಈಗಿಲ್ಲ, ಆ ಜಾಗದಲ್ಲಿ ಅಡಿಕೆ ಸಸಿ ನೆಟ್ಟಿದ್ದಾರೆ. ಹಣತೆಯ ಕುಡಿ ಒಮ್ಮೆಯಾದರೂ ಅಲ್ಲಾಡಿದ್ದು ನೋಡಬೇಕು ಅಂತ ಆಸೆಯಾಗಿ ಗಿಂಪ್ ಹಾಕಿಕೊಂಡೆ. ಚಿತ್ರ ತಿದ್ದುವ, ದುಡ್ಡು ಕೊಡಬೇಕಿಲ್ಲದ ಕಂಪ್ಯೂಟರ್ ಪ್ರೋಗ್ರಾಂ ಅದು. ನಾಲ್ಕು ವರ್ಷವಾಯಿತು. ಈಗಲೂ ಭಾನುವಾರ ಬೆಳಿಗ್ಗೆ ಅದರ ಮುಂದೆಯೇ ಕೂರುತ್ತೇನೆ.

ಗಿಂಪ್ ಏನೇನು ಮಾಡುತ್ತದೆ ಅನ್ನೋ ಪಟ್ಟಿ ನೀವು ನೋಡಿರುತ್ತೀರಿ. ನಾನು ಹೇಳೋದು ಒಂದೇ ಕೆಲಸದ ಬಗ್ಗೆ. ನಿಂತ ಫೋಟೋ ಮೇಲೆ ಅಲ್ಲಾಡುವ ಪದರ ಕೂರಿಸೋದು. ದೀಪ, ಮಳೆ, ಅಕ್ಷರ, ಇಂಥವು.

ಇದಕ್ಕೆ ಮೊದಲು ಫೋನಿನಲ್ಲಿ ಒಂದು ಆ್ಯಪ್ ಇತ್ತು. ಮಳೆ, ಹಿಮ, ಮಿಣುಕು ನಕ್ಷತ್ರ ಎಲ್ಲ ರೆಡಿ ಸಿಗುತ್ತಿತ್ತು, ಬೆರಳಲ್ಲಿ ಒತ್ತಿದರೆ ಆಯಿತು. ಆದರೆ ಮೂಲೆಯಲ್ಲಿ ಅವರ ಮುದ್ರೆ. ಅದನ್ನು ತೆಗೆಸೋಕೆ ತಿಂಗಳ ಚಂದಾ. ಆರು ತಿಂಗಳು ಕಟ್ಟಿದೆ. ಒಂದು ತಿಂಗಳು ಕಟ್ಟೋದು ನಿಂತಾಗ ನಾನೇ ಮಾಡಿಟ್ಟ ಚಿತ್ರಗಳೂ ತೆರೆಯಲಿಲ್ಲ. ಅಪ್ಪನ ಫೋಟೋ ಅದರೊಳಗೆ ಇತ್ತು. ಅವತ್ತು ತುಂಬಾ ಸಿಟ್ಟು ಬಂತು. ಗಿಂಪ್‌ಗೆ ಒಂದು ರೂಪಾಯಿ ಕೊಟ್ಟಿಲ್ಲ, ನನ್ನ ಫೈಲ್ ನನ್ನ ಡಿಸ್ಕಿನಲ್ಲೇ ಇರುತ್ತದೆ. ಸೆಕೆಂಡ್‌ಹ್ಯಾಂಡ್ ಲ್ಯಾಪ್‌ಟಾಪ್, 4 ಜಿಬಿ ರ್‍ಯಾಮ್. ಅದರಲ್ಲೂ ಓಡುತ್ತದೆ.

ಗಿಂಪ್‌ನಲ್ಲಿ ಒಂದೊಂದು ಲೇಯರ್, ಅಂದರೆ ಪದರ, ಒಂದೊಂದು ಫ್ರೇಮ್, ಸಿನಿಮಾ ರೀಲಿನ ಒಂದೊಂದು ಚಿತ್ರದ ಹಾಗೆ. ಕೆಳಗಿನದು ಮೊದಲು, ಮೇಲಿನದು ಕೊನೆಗೆ. ಲೇಯರ್ ಹೆಸರಿನ ಕೊನೆಗೆ ಬ್ರ್ಯಾಕೆಟ್ ಹಾಕಿ ಎಷ್ಟು ಮಿಲಿಸೆಕೆಂಡ್ ನಿಲ್ಲಬೇಕು ಅಂತ ಇಂಗ್ಲಿಷಿನಲ್ಲಿ ಬರೆದರೆ ಅಷ್ಟು ಹೊತ್ತು ನಿಲ್ಲುತ್ತದೆ. ಪಕ್ಕದಲ್ಲೇ ಇನ್ನೊಂದು ಬ್ರ್ಯಾಕೆಟಿನಲ್ಲಿ ಕಂಬೈನ್ ಅಂತ ಬರೆದರೆ ಹಿಂದಿನ ಫ್ರೇಮ್ ಅಳಿಸದೆ ಅದರ ಮೇಲೇ ಕೂರುತ್ತದೆ. ರಿಪ್ಲೇಸ್ ಅಂದರೆ ಹಿಂದಿನದು ಹೋಗಿ ಇದು ಬರುತ್ತದೆ. ಇಷ್ಟು ಗೊತ್ತಾದರೆ ಅರ್ಧ ಕೆಲಸ ಕಲಿತ ಹಾಗೆ.

ಭಾನುವಾರ ಕಾಫಿ ಲೋಟ ಪಕ್ಕಕ್ಕಿಟ್ಟು ಮೊದಲು ಮಾಡೋದು ದೀಪದ ಕುಡಿ ಕತ್ತರಿಸೋದು. ಫೋಟೋವನ್ನು ನಾಲ್ಕು ಪಟ್ಟು ದೊಡ್ಡದು ಮಾಡಿ ಕುಡಿಯ ಸುತ್ತ ನಿಧಾನವಾಗಿ ಗೆರೆ ಎಳೆಯುತ್ತೇನೆ. ಸುತ್ತಲಿನ ಕತ್ತಲನ್ನೂ ಸ್ವಲ್ಪ ಸೇರಿಸಿಕೊಳ್ಳಬೇಕು. ಇಲ್ಲಾಂದ್ರೆ ಹಳೆ ಕುಡಿ ಹಿಂದಿನಿಂದ ಇಣುಕುತ್ತದೆ. ಆ ತುಂಡಿನ ಆರು ಕಾಪಿ. ಒಂದೊಂದರಲ್ಲೂ ಚಿತ್ರವನ್ನು ಎಳೆದು ಬಾಗಿಸುವ ವಾರ್ಪ್ ಟೂಲ್ ಹಿಡಿದು ತುದಿಯನ್ನು ಒಂದೆರಡು ಪಿಕ್ಸೆಲ್ ಮಾತ್ರ ಸರಿಸೋದು. ಎಡಕ್ಕೆ, ಮೇಲಕ್ಕೆ, ಮತ್ತೆ ಎಡಕ್ಕೆ. ಬುಡ ಮುಟ್ಟಬಾರದು. ಬತ್ತಿಯ ಹತ್ತಿರ ಕುಡಿ ಗಟ್ಟಿಯಾಗಿ ನಿಂತಿರುತ್ತದೆ, ತುದಿ ಮಾತ್ರ ಆಡುತ್ತದೆ. ಇದನ್ನು ತಿಳಿಯೋಕೆ ಒಂದು ರಾತ್ರಿ ದೇವರ ಮುಂದೆ ದೀಪ ನೋಡುತ್ತಾ ಕೂತಿದ್ದೆ. ಟೈಮ್ ಕೂಡ ಒಂದೇ ಸಮ ಇರಬಾರದು. ಎಲ್ಲಕ್ಕೂ 100 ಕೊಟ್ಟರೆ ಗಡಿಯಾರದ ಲೋಲಕ. 120, 80, 200, 90 ಅಂತ ಏರುಪೇರು ಮಾಡಿದರೆ ಗಾಳಿ ಬಂದ ಹಾಗೆ.

ಆಮೇಲೆ ಫಿಲ್ಟರ್ಸ್, ಆ್ಯನಿಮೇಷನ್, ಪ್ಲೇಬ್ಯಾಕ್. ಮೊದಲ ಸಲ ಆ ಚಿಕ್ಕ ಕಿಟಕಿಯಲ್ಲಿ ಅಜ್ಜನ ಮನೆಯ ದೀಪ ಅಲ್ಲಾಡಿದಾಗ ನನಗೆ ಕಣ್ಣು ತುಂಬಿ ಬಂತು.

ಅಷ್ಟಕ್ಕೇ ನಿಲ್ಲಲಿಲ್ಲ. ದೀಪ ಆಡಿದರೆ ಗೋಡೆ ಮೇಲಿನ ಬೆಳಕೂ ಆಡಬೇಕು ಅಲ್ವಾ? ಮೇಲೊಂದು ಹಳದಿ ಬೆಳಕಿನ ಲೇಯರ್ ಹಾಕಿ, ಅದರ ಮೋಡ್ (ಕೆಳಗಿನ ಲೇಯರ್ ಜೊತೆ ಬೆರೆಯುವ ರೀತಿ) ಸ್ಕ್ರೀನ್ ಮಾಡಿ, ಅಂದರೆ ಕೆಳಗಿನದನ್ನು ಬೆಳಗಿಸುವ ಹಾಗೆ ಮಾಡಿ, ಫ್ರೇಮಿಗೊಂದು ಒಪ್ಯಾಸಿಟಿ, ಅಂದರೆ ದಟ್ಟತೆ, ಕೊಟ್ಟೆ. ಫೋನಿಗೆ ಕಳಿಸೋದು ಜಿಫ್, ಅಂದರೆ ಅಲ್ಲಾಡುವ ಚಿತ್ರದ ಫೈಲ್. ಅದರಲ್ಲಿ ಲೇಯರ್ ಮೋಡ್ ಉಳಿಯೋದಿಲ್ಲ. ಹಾಗಾಗಿ ಪ್ರತಿ ಫ್ರೇಮಿಗೂ ಇಡೀ ಫೋಟೋದ ಕಾಪಿ ಮಾಡಿ, ಬೆಳಕನ್ನು ಅದರೊಳಗೆ ಮರ್ಜ್ ಮಾಡಬೇಕಾಯಿತು. ಎಕ್ಸ್‌ಪೋರ್ಟ್ ಮಾಡುವಾಗ ಆ್ಯಸ್ ಆ್ಯನಿಮೇಷನ್ ಅಂತ ಟಿಕ್ ಹಾಕಿ ಅಮ್ಮನ ಫೋನಿಗೆ ಕಳಿಸಿದೆ.

ಅಮ್ಮ ಕನ್ನಡಕ ಮೇಲೆತ್ತಿ ನೋಡಿ ಹೇಳಿದರು, "ದೀಪ ಚೆನ್ನಾಗಿದೆ. ಆದರೆ ಇದೇನೇ, ಗೋಡೆ ತುಂಬಾ ಇರುವೆ ಹರಿದ ಹಾಗೆ ಕಾಣ್ತಿದೆ?"

ನಿಜ. ಸುಣ್ಣದ ಗೋಡೆ ಮೇಲೆ ಸಣ್ಣ ಚುಕ್ಕಿಗಳು ಬುಳುಬುಳು ಓಡುತ್ತಿದ್ದವು. ಒಮ್ಮೆ ಕಂಡ ಮೇಲೆ ಬೇರೇನೂ ಕಾಣದು. ಎರಡು ವರ್ಷ ಈ ಇರುವೆ ನನ್ನನ್ನು ಕಾಡಿತು.

ಕಾರಣ ಜಿಫ್. 1987ರಲ್ಲಿ ಅಮೆರಿಕದ ಕಂಪ್ಯೂಸರ್ವ್ ತಂದ ಫಾರ್ಮ್ಯಾಟ್ ಅದು. ಒಂದು ಫ್ರೇಮಿಗೆ 256 ಬಣ್ಣ ಅಷ್ಟೇ. ಮುಸ್ಸಂಜೆಯ ಗೋಡೆಯಲ್ಲಿ ಎಷ್ಟೊಂದು ಛಾಯೆ ಇರುತ್ತದೆ! ಇಲ್ಲದ ಬಣ್ಣವನ್ನು ಇರುವ ಎರಡು ಬಣ್ಣದ ಚುಕ್ಕಿ ಬೆರೆಸಿ ತೋರಿಸಬೇಕು. ಇದಕ್ಕೆ ಡಿದರಿಂಗ್ ಅನ್ನುತ್ತಾರೆ. ನಾನು ಆರಿಸಿದ್ದು ಫ್ಲಾಯ್ಡ್ ಸ್ಟೈನ್‌ಬರ್ಗ್ ವಿಧಾನ, 1976ರದ್ದು. ಒಂದು ಪಿಕ್ಸೆಲ್‌ನಲ್ಲಿ ಆದ ವ್ಯತ್ಯಾಸವನ್ನು ಪಕ್ಕದ ಮತ್ತು ಕೆಳಗಿನ ಪಿಕ್ಸೆಲ್‌ಗಳಿಗೆ ಅದು ದಾಟಿಸುತ್ತಾ ಹೋಗುತ್ತದೆ. ಒಂದೇ ಫೋಟೋಗೆ ಇದರಷ್ಟು ಚೆಂದ ಬೇರೆ ಇಲ್ಲ. ಆದರೆ ಬೆಳಕು ಒಂದು ಕಡೆ ತುಸು ಬದಲಾದರೂ ಅದರ ಕೆಳಗಿನ ಚುಕ್ಕಿಗಳೆಲ್ಲ ಜಾಗ ಬದಲಿಸುತ್ತವೆ. ಪ್ರತಿ ಫ್ರೇಮಿನಲ್ಲೂ ಹೀಗೆ. ಇರುವೆ ಹುಟ್ಟಿದ್ದು ಹೀಗೆ.

ನಾನು ಫೋಟೋ ಚಿಕ್ಕದು ಮಾಡಿದೆ, ಬ್ಲರ್ ಮಾಡಿದೆ, ಡಿದರಿಂಗ್ ಬೇಡವೇ ಬೇಡ ಅಂತ ಬಿಟ್ಟೆ. ಆಗ ಗೋಡೆ ಮೇಲೆ ಪಟ್ಟೆ ಪಟ್ಟೆ. ವೆಬ್‌ಪಿ ಅನ್ನೋ ಇನ್ನೊಂದು ಫಾರ್ಮ್ಯಾಟ್‌ನಲ್ಲಿ ಮಾಡಿದರೆ ಬಣ್ಣವೆಲ್ಲ ಹಾಗೇ ಬಂತು, ಆದರೆ ಅಮ್ಮನ ಹಳೆ ಫೋನಿನಲ್ಲಿ ದೀಪ ಅಲ್ಲಾಡಲೇ ಇಲ್ಲ. ಸುಮ್ನೆ ಬಿಟ್ಟುಬಿಡೋಣ ಅಂತ ಮೂರು ತಿಂಗಳು ಲ್ಯಾಪ್‌ಟಾಪ್ ಮುಟ್ಟಲಿಲ್ಲ.

ಮದ್ದು ಡಿದರಿಂಗ್ ಆರಿಸುವ ಅದೇ ಕಿಟಕಿಯಲ್ಲಿ ಇತ್ತು. ಇಮೇಜ್, ಮೋಡ್, ಇಂಡೆಕ್ಸ್ಡ್ ಅಂತ ಹೋದರೆ (ಬಣ್ಣಗಳನ್ನು 256ಕ್ಕೆ ಇಳಿಸೋದು ಇಲ್ಲೇ) ಡಿದರಿಂಗ್ ಪಟ್ಟಿಯ ಕೊನೆಯಲ್ಲಿ ಪೊಸಿಷನ್ಡ್ ಅಂತ ಒಂದಿದೆ. ಇದು ವ್ಯತ್ಯಾಸವನ್ನು ಪಕ್ಕಕ್ಕೆ ದಾಟಿಸೋದಿಲ್ಲ. ಯಾವ ಜಾಗಕ್ಕೆ ಯಾವ ಚುಕ್ಕಿ ಅಂತ ಒಂದು ಅಚ್ಚು ಇಟ್ಟುಕೊಂಡಿರುತ್ತದೆ. ಬಣ್ಣ ಬದಲಾಗದ ಕಡೆ ಚುಕ್ಕಿಯೂ ಅಲುಗೋದಿಲ್ಲ. ಆರಿಸಿ ಕನ್ವರ್ಟ್ ಒತ್ತಿದೆ. ಪ್ಲೇಬ್ಯಾಕ್‌ನಲ್ಲಿ ಗೋಡೆ ಗೋಡೆಯ ಹಾಗೇ ನಿಂತಿತ್ತು. ಹತ್ತಿರದಿಂದ ನೋಡಿದರೆ ಸೀರೆಯ ನೇಯ್ಗೆ ಥರ ಸಣ್ಣ ಅಚ್ಚು ಕಾಣುತ್ತದೆ. ನನಗೆ ಅದು ಇಷ್ಟವೇ ಆಯಿತು.

ಗೋಡೆ ಬೆಳಕು ಬೇಡ, ಕುಡಿ ಮಾತ್ರ ಸಾಕು ಅನ್ನುವವರಿಗೆ ಇನ್ನೂ ಸುಲಭ. ಮೊದಲು ಆಪ್ಟಿಮೈಸ್ ಫಾರ್ ಜಿಫ್ ಓಡಿಸಿ, ಆಮೇಲೆ ಇಂಡೆಕ್ಸ್ಡ್ ಮಾಡಿ. ಬದಲಾದ ತುಂಡು ಮಾತ್ರ ಉಳಿಯೋದರಿಂದ ಗೋಡೆ ಒಂದೇ ಸಲ ಬರೆಯಲ್ಪಡುತ್ತದೆ. ನನ್ನ ಫೈಲ್ ಒಂದು ಎಂಬಿಗೂ ಜಾಸ್ತಿ ಇದ್ದದ್ದು 300 ಕೆಬಿ ಹತ್ತಿರಕ್ಕೆ ಇಳಿಯಿತು.

ಇರುವೆ ಹೋದ ಮೇಲೆ ಧೈರ್ಯ ಬಂತು. ಮಳೆಗೆ ಕೈ ಹಾಕಿದೆ. ಕಪ್ಪು ಲೇಯರ್ ಮೇಲೆ ನಾಯ್ಸ್ (ಚೆಲ್ಲಾಪಿಲ್ಲಿ ಚುಕ್ಕಿ), ಅದನ್ನು ಗೆರೆಯಾಗಿ ಎಳೆಯೋಕೆ ನೇರ ಕೆಳಕ್ಕೆ ಮೋಷನ್ ಬ್ಲರ್, ಮೋಡ್ ಸ್ಕ್ರೀನ್. ಕಪ್ಪು ಮಾಯವಾಗಿ ಬಿಳಿ ಎಳೆ ಮಾತ್ರ ಉಳಿಯುತ್ತದೆ. ನನ್ನ ಫೋಟೋ 480 ಪಿಕ್ಸೆಲ್ ಎತ್ತರ. ಎಂಟು ಫ್ರೇಮ್, ಒಂದೊಂದರಲ್ಲೂ ಆಫ್‌ಸೆಟ್‌ನಿಂದ 60 ಪಿಕ್ಸೆಲ್ ಕೆಳಕ್ಕೆ. ರ್‍ಯಾಪ್ ಅರೌಂಡ್ ಆನ್ ಇದ್ದರೆ ಕೆಳಗೆ ಹೋದದ್ದು ಮೇಲಿಂದ ಬರುತ್ತದೆ. ಎಂಟು ಸಲಕ್ಕೆ 480, ಸುತ್ತು ಪೂರ್ತಿ. ಎಲ್ಲಿ ಶುರು ಎಲ್ಲಿ ಮುಗಿತು ಗೊತ್ತಾಗೋದಿಲ್ಲ. ಮಲೆನಾಡಿನ ಜಡಿಮಳೆ ಹೀಗೇ, ನಿಲ್ಲೋದೇ ಇಲ್ಲ.

ಕನ್ನಡ ಅಕ್ಷರದ ವಿಷಯಕ್ಕೂ ಒಂದು ಮಾತು. ಫೋನ್ ಆ್ಯಪ್‌ನಲ್ಲಿ ಒತ್ತಕ್ಷರ ಒಡೆದು ಪಕ್ಕಕ್ಕೆ ಬೀಳುತ್ತಿತ್ತು. ಗಿಂಪ್‌ನಲ್ಲಿ ಯೂನಿಕೋಡ್ ಫಾಂಟ್ ಹಾಕಿದರೆ ದೀಪಾವಳಿ ಶುಭಾಶಯವಿರಲಿ, ಲಕ್ಷ್ಮಿಯಿರಲಿ, ಸರಿಯಾಗಿಯೇ ಕೂರುತ್ತದೆ. ಒಂದೊಂದೇ ಅಕ್ಷರ ಮೂಡಿಸುವಾಗ ಮಾತ್ರ ಒತ್ತಕ್ಷರವನ್ನು ಅದರ ಅಕ್ಷರದ ಜೊತೆಗೇ ತನ್ನಿ. "ಲ" ಬಂದ ಮೇಲೆ "ಕ್ಷ್ಮಿ" ಇಡಿಯಾಗಿ.

ಐದು ನಿಮಿಷದಲ್ಲಿ ಹಬ್ಬದ ಶುಭಾಶಯ ಕಳಿಸಬೇಕು ಅನ್ನುವವರಿಗೆ ಇದು ಆಗಿಬರೋದಿಲ್ಲ, ಫೋನೇ ಸಾಕು. ಮಳೆಯ ಎಂಟು ಫ್ರೇಮಿಗೆ ನನಗೆ ಎರಡು ಭಾನುವಾರ ಬೇಕಾಯಿತು. ನಿಮಗೊಂದು ಫೋಟೋ ಇದ್ದು, ಅದರ ಮುಂದೆ ಕೂರೋದೇ ನಿಮಗೆ ಖುಷಿ ಅಂದರೆ ಕಣ್ಣು ಮುಚ್ಚಿಕೊಂಡು ಹಾಕಿಕೊಳ್ಳಿ.

ಹೋದ ವಾರ ಮಳೆಯ ಚಿತ್ರ ಅಮ್ಮನಿಗೆ ತೋರಿಸಿದೆ. ಗೋಡೆಯನ್ನೇ ಮೊದಲು ನೋಡಿದರು. ಆಮೇಲೆ ತುಂಬಾ ಹೊತ್ತು ಸುಮ್ಮನಿದ್ದು, "ಮಳೇಲಿ ಕಟ್ಟೆ ಮೇಲೆ ದೀಪ ನಿಲ್ಲತ್ತೇನೇ? ಅಜ್ಜಿ ಜಗಲಿಗೆ ತಂದಿಡ್ತಿದ್ರು" ಅಂದರು. ಈ ಭಾನುವಾರ ಹಣತೆಯನ್ನು ಕಟ್ಟೆಯಿಂದ ಕತ್ತರಿಸಿ ಜಗಲಿಯ ಕಂಬದ ಪಕ್ಕ ಇಡುತ್ತಿದ್ದೇನೆ. ಕುಡಿ ಆರು ಫ್ರೇಮ್, ಮಳೆ ಎಂಟು. ಎರಡೂ ಒಟ್ಟಿಗೆ ಸುತ್ತು ಮುಗಿಸಬೇಕಾದರೆ ಇಪ್ಪತ್ತನಾಲ್ಕು ಫ್ರೇಮ್ ಬೇಕು. ಅದರ ಬದಲು ಕುಡಿಗೇ ಇನ್ನೆರಡು ಫ್ರೇಮ್ ಬರೆಯುತ್ತೇನೆ.