ಹಾಯಿದೋಣಿಗೆ ಫೋಲ್ಡಿಂಗ್ ಪ್ರೊಪೆಲ್ಲರೋ, ಫೆದರಿಂಗ್ ಪ್ರೊಪೆಲ್ಲರೋ?

ನನ್ನ ಒಲವು ಫೋಲ್ಡಿಂಗ್ ಕಡೆಗಿದೆ ಎಂಬುದನ್ನು ಮೊದಲೇ ಹೇಳಿಬಿಡುತ್ತೇನೆ. ಎರಡು ಹಂಗಾಮು ಫೆದರಿಂಗ್, ಆಮೇಲೆ ಮೂರು ಹಂಗಾಮು ಫೋಲ್ಡಿಂಗ್ ಬಳಸಿ ನೋಡಿದ ಮೇಲೆ ಹುಟ್ಟಿದ ಒಲವು ಇದು. ಹುಬ್ಬಳ್ಳಿ-ಧಾರವಾಡದ ನಾವು ಮೂವರು ಗೆಳೆಯರು ಪಾಲು ಹಾಕಿ ಕೊಂಡ 30 ಅಡಿಯ ಹಾಯಿದೋಣಿ ಪಣಜಿಯ ಬಳಿ ಮಾಂಡೋವಿ ನದಿಯಲ್ಲಿದೆ. ಶುಕ್ರವಾರ ರಾತ್ರಿ ಅನಮೋಡ ಘಟ್ಟ ಇಳಿದು ಹೋಗಿ ಭಾನುವಾರ ಸಂಜೆ ಮರಳುವವರು ನಾವು. ಹೀಗಾಗಿ ದೋಣಿಯ ಒಂದೊಂದು ನಟ್ಟು-ಬೋಲ್ಟಿನ ಚಿಂತೆಯನ್ನೂ ಹುಬ್ಬಳ್ಳಿಯಲ್ಲಿ ಕುಳಿತೇ ಮಾಡಬೇಕಾಗುತ್ತದೆ.

ದೋಣಿಯ ಜೊತೆಗೆ ಬಂದಿದ್ದ ಮೂರು ರೆಕ್ಕೆಯ ಸ್ಥಿರ ಪ್ರೊಪೆಲ್ಲರ್, ಹಾಯಿ ಬಿಚ್ಚಿದಾಗಲೆಲ್ಲ ನೀರಿಗೆ ಅಡ್ಡ ನಿಂತು ದೋಣಿಯನ್ನು ಹಿಂದಕ್ಕೆ ಜಗ್ಗುತ್ತಿತ್ತು. ಫೋಲ್ಡಿಂಗ್‌ನ ರೆಕ್ಕೆಗಳು ಹಿಂದಕ್ಕೆ ಮಡಚಿ ಮೊಗ್ಗಿನಂತೆ ಕೂಡಿಕೊಳ್ಳುತ್ತವೆ. ಎಂಜಿನ್ ಶಾಫ್ಟನ್ನು ತಿರುಗಿಸಿದಾಗ ಹೊರಕ್ಕೆ ಎಳೆಯುವ ಬಲದಿಂದ ಅರಳುತ್ತವೆ. ಫೆದರಿಂಗ್‌ನ ರೆಕ್ಕೆ ಮಡಚುವುದಿಲ್ಲ, ಬುಡದಲ್ಲೇ ತಿರುಗಿ ನೀರಿಗೆ ತನ್ನ ಅಂಚು ಕೊಡುತ್ತದೆ. ಬಿರುಗಾಳಿಯಲ್ಲಿ ಮೊರವನ್ನು ಅಡ್ಡ ಹಿಡಿದರೆ ಕೈ ತಿರುಚುತ್ತದೆ, ಅಂಚು ಮುಂದಾಗಿ ಹಿಡಿದರೆ ಗಾಳಿಯನ್ನು ಸೀಳಿಕೊಂಡು ಬರುತ್ತದೆ, ಅದೇ ಲೆಕ್ಕ. ಸ್ಥಿರ ಪ್ರೊಪೆಲ್ಲರಿದ್ದಾಗ ನಾಲ್ಕು ನಾಟ್ ಓಡುತ್ತಿದ್ದ ಗಾಳಿಯಲ್ಲಿ ಇವೆರಡರಲ್ಲೂ ನಮಗೆ ನಾಲ್ಕೂವರೆ ಸಿಕ್ಕಿದೆ. ವೇಗದ ವಿಷಯದಲ್ಲಿ ಇವೆರಡರ ನಡುವೆ ಆರಿಸುವುದಕ್ಕೆ ಏನೂ ಇಲ್ಲ.

ಹಿಂದಕ್ಕೆ ಚಲಿಸುವಾಗ ಫೆದರಿಂಗ್ ನಿಸ್ಸಂಶಯವಾಗಿ ಮೇಲು. ರಿವರ್ಸ್ ಹಾಕಿದೊಡನೆ ಅದರ ರೆಕ್ಕೆ ಹೊರಳಿ, ಮುಂದೆ ಹೋಗುವಾಗ ನೀರನ್ನು ಕಡಿದ ಅಂಚಿನಿಂದಲೇ ಮತ್ತೆ ಕಡಿಯುವುದರಿಂದ ಹಿಡಿತ ಎರಡೂ ದಿಕ್ಕಿಗೆ ಗಟ್ಟಿಯಾಗಿರುತ್ತದೆ. ಫೋಲ್ಡಿಂಗ್‌ನಲ್ಲಿ ತಿರುಗುವ ವೇಗ ರೆಕ್ಕೆಯನ್ನು ಅರಳಿಸುತ್ತದೆ, ರಿವರ್ಸಿನ ನೂಕು ಅದನ್ನೇ ಮಡಚಲು ನೋಡುತ್ತದೆ. ಹೀಗಾಗಿ ಎಂಜಿನ್ನಿಗೆ ಹೆಚ್ಚು ವೇಗ ಕೊಟ್ಟ ಮೇಲೆಯೇ ಹಿಡಿತ ಸಿಗುತ್ತದೆ, ನಮ್ಮ ದೋಣಿ ನಿಲ್ಲುವುದಕ್ಕೆ ಮೊದಲಿಗಿಂತ ಒಂದು ದೋಣಿಯುದ್ದ ಜಾಗ ಹೆಚ್ಚು ಬೇಕಾಗುತ್ತದೆ.

ಇಷ್ಟಾದರೂ ಫೆದರಿಂಗ್ ಅನ್ನು ಕೈಬಿಟ್ಟದ್ದು ಒಂದು ಹಿಡಿಯಷ್ಟು ಸತುವಿನ ಕಾರಣಕ್ಕೆ. ಉಪ್ಪುನೀರಿನಲ್ಲಿ ಕಂಚು ಮತ್ತು ಉಕ್ಕು ಒಟ್ಟಿಗಿದ್ದರೆ ಯಾವುದಾದರೊಂದು ಸವೆಯಲೇಬೇಕು. ಆ ಸವೆತವನ್ನು ತಾನು ತೆಗೆದುಕೊಳ್ಳಲೆಂದು ಸತುವಿನ ಒಂದು ತುಂಡನ್ನು ಜೋಡಿಸಿರುತ್ತಾರೆ. ಬಂದರಿನವರು ಇದನ್ನು ಬರಿಯ ಜಿಂಕ್ ಎನ್ನುತ್ತಾರೆ. ನಮ್ಮ ಫೆದರಿಂಗ್‌ನ ಜಿಂಕ್ ಅದರ ತುದಿಯಲ್ಲಿ ಮೂರು ಸಣ್ಣ ತಿರುಪುಗಳಿಂದ ಕೂರುವ ಶಂಕುವಾಗಿತ್ತು, ಮತ್ತು ಆ ಆಕಾರ ಆ ಒಂದು ಮಾದರಿಗೆ ಮಾತ್ರ ಹೊಂದುವಂಥದು. ಹೊರದೇಶದಿಂದ ತರಿಸಿದರೆ ಸಾಗಣೆ ಮತ್ತು ಸುಂಕ ಸೇರಿ ಜಿಂಕಿನ ಬೆಲೆಯನ್ನೇ ಮೀರುತ್ತಿತ್ತು.

ಹೀಗಾಗಿ ಹಳೆಯ ಶಂಕುವನ್ನು ಗೋಕುಲ ರಸ್ತೆಯ ಒಂದು ಲೇಥ್ ಅಂಗಡಿಗೆ ಒಯ್ದೆ. ಮಿಸ್ತ್ರಿ ಅದನ್ನು ಅಂಗೈಯಲ್ಲಿ ತೂಗಿ ನೋಡಿ, "ಇದೇನ್ ದೊಡ್ಡದಲ್ಲ ಬಿಡ್ರಿ ಸರ, ಎರಕಾ ಹೊಯ್ದು ತಿರುವಿ ಕೊಡ್ತೇನಿ" ಎಂದರು. ಕಬ್ಬಿಣದ ಪಾತ್ರೆಯಲ್ಲಿ ಸತು ಕರಗಿಸಿ, ಎರಕ ಹೊಯ್ದು, ಕನ್ನಡಿಯಂತೆ ಹೊಳೆಯುವ ಮೂರು ಶಂಕುಗಳನ್ನು ಕೊಟ್ಟರು. ಅಳತೆ ಕೂದಲೆಳೆಯಷ್ಟೂ ತಪ್ಪಿರಲಿಲ್ಲ. ಅಕ್ಟೋಬರದಲ್ಲಿ ಒಂದನ್ನು ಜೋಡಿಸಿ ದೋಣಿಯನ್ನು ನೀರಿಗಿಳಿಸಿದೆವು. ಫೆಬ್ರುವರಿಯಲ್ಲಿ ಮುಳುಗಿ ನೋಡಿದಾಗ ಶಂಕು ಇಟ್ಟ ಹಾಗೆಯೇ ಇತ್ತು. ನಾವು ಸಂತೋಷಪಟ್ಟೆವು, ತಪ್ಪಾದದ್ದು ಅಲ್ಲಿಯೇ. ನಾಲ್ಕು ತಿಂಗಳಲ್ಲಿ ಅದು ಅರ್ಧದಷ್ಟಾದರೂ ಸವೆದಿರಬೇಕಿತ್ತು.

ಮೇ ತಿಂಗಳಲ್ಲಿ ದೋಣಿ ದಡಕ್ಕೆ ಬಂದ ಮೇಲೆ ಉಗುರಿನಿಂದ ಕೆರೆದಾಗ ಶಂಕುವಿನ ಮೇಲೆ ಬೂದುಬಣ್ಣದ ಗಟ್ಟಿ ಪೊರೆ ಕಂಡಿತು. ಅದರ ಹಿಂದೆ, ಚಿನ್ನದ ಬಣ್ಣವಿರಬೇಕಾದ ಪ್ರೊಪೆಲ್ಲರಿನ ಗುಂಬದ, ಅಂದರೆ ರೆಕ್ಕೆಗಳು ಕೂಡುವ ನಡುಭಾಗದ ಮೇಲೆ ದಾಳಿಂಬೆ ಕಾಳಿನ ಬಣ್ಣದ ಕಲೆಗಳಿದ್ದವು. ಮಿಶ್ರಲೋಹದೊಳಗಿನ ಸತು ಕರಗಿಹೋಗಿ ತಾಮ್ರ ಮಾತ್ರ ಉಳಿದ ಗುರುತು ಅದು. ಸ್ಕ್ರೂಡ್ರೈವರಿನ ತುದಿ ಒತ್ತಿದಲ್ಲಿ ಲೋಹ ಪುಡಿಯಾಗುತ್ತಿತ್ತು. ಕಾರಣ ಆಮೇಲೆ ತಿಳಿಯಿತು. ಜಿಂಕ್ ಕೆಲಸ ಮಾಡಬೇಕಾದರೆ ಅದರಲ್ಲಿ ಕಬ್ಬಿಣದ ಅಂಶ ಶೇಕಡಾ 0.005 ಮೀರಬಾರದೆಂದು ಅಮೆರಿಕದ ಸೇನಾ ಮಾನದಂಡ ಹೇಳುತ್ತದೆ. ಮೀರಿದರೆ ಮೇಲೆ ಪೊರೆ ಕಟ್ಟಿ ಸವೆಯುವುದು ನಿಂತುಹೋಗುತ್ತದೆ. ಸತು ಕರಗುವುದು ಸುಮಾರು 420 ಡಿಗ್ರಿ ಸೆಲ್ಸಿಯಸ್‌ನಲ್ಲಿ, ಮತ್ತು ಕರಗಿದ ಸತು ಕಬ್ಬಿಣದ ಪಾತ್ರೆಯನ್ನೇ ಅಷ್ಟಷ್ಟಾಗಿ ತನ್ನೊಳಗೆ ಇಳಿಸಿಕೊಳ್ಳುತ್ತದೆ. ಮಿಸ್ತ್ರಿಯ ಕೈಗೆಲಸದಲ್ಲಿ ದೋಷವಿರಲಿಲ್ಲ. ಎಂಥ ಸತು, ಎಂಥ ಮೂಸೆ ಎಂದು ಹೇಳಬೇಕಾದವನು ನಾನು.

ಎರಡನೆಯ ಹಂಗಾಮಿಗೆ ಅಸಲಿ ಜಿಂಕನ್ನೇ ತರಿಸಿದೆವು. ಅದು ಸರಿಯಾಗಿಯೇ ಸವೆಯಿತು, ಆದರೆ ತಿರುಪುಗಳ ಸುತ್ತ ಮೊದಲು ಸವೆದು ಜನವರಿಯಲ್ಲಿ ಇಡಿಯಾಗಿ ಕಳಚಿ ನದಿ ಸೇರಿತು. ಬದಲಿ ಜಿಂಕ್ ಹುಬ್ಬಳ್ಳಿಗೆ ಬಂದು ಮುಟ್ಟುವ ಹೊತ್ತಿಗೆ ಏಳು ವಾರ ಕಳೆದಿತ್ತು, ಆ ಏಳು ವಾರವೂ ಪ್ರೊಪೆಲ್ಲರ್ ಕಾಪಿಲ್ಲದೆ ನೀರಿನಲ್ಲಿತ್ತು. ನಾವು ಈಗ ಹಾಕಿರುವ ಫೋಲ್ಡಿಂಗ್ ಮಾದರಿಗೆ ಪ್ರತ್ಯೇಕ ಜಿಂಕ್ ಇಲ್ಲ. ಶಾಫ್ಟಿಗೆ ಬಳೆಯಂತೆ ತೊಡಿಸುವ ಸಾಮಾನ್ಯ ಜಿಂಕ್ ಸಾಕು. ಅದು ಶಾಫ್ಟಿನ ದಪ್ಪದ ಮೇಲೆ ಸಿಗುವ ವಸ್ತು, ಗೋವೆಯಲ್ಲಿಯೇ ಕೊಳ್ಳಬಹುದು. ಎಲ್ಲ ಫೋಲ್ಡಿಂಗ್ ಮಾದರಿಗಳೂ ಹೀಗಿರುವುದಿಲ್ಲ, ಕೊಳ್ಳುವ ಮುನ್ನ ಇದನ್ನೇ ಮೊದಲು ಕೇಳಬೇಕು.

ಮೀನುಬಲೆಯ ಎಳೆಗಳು ಮಡಚಿದ ರೆಕ್ಕೆಯಿಂದ ಜಾರಿಹೋಗುತ್ತವೆ, ಫೆದರಿಂಗ್‌ನಲ್ಲಿ ಸಿಕ್ಕಿಕೊಳ್ಳುತ್ತವೆ. ಬಾರ್ನಕಲ್ ಚಿಪ್ಪುಗಳ ಕಾಟ ಎರಡಕ್ಕೂ ಸಮ. ಫೆದರಿಂಗ್‌ಗೆ ವರ್ಷಕ್ಕೊಮ್ಮೆ ಗ್ರೀಸ್ ತುಂಬಬೇಕು. ಬೆಲೆಯ ವಿಷಯಕ್ಕೆ ಬಂದರೆ, ನಮ್ಮ ಫೆದರಿಂಗ್ ಸೆಕೆಂಡ್‌ಹ್ಯಾಂಡ್ ಆದ್ದರಿಂದ ಕೈಗೆಟುಕಿತ್ತು. ಹೊಸದಕ್ಕೆ ನಮಗೆ ಹೇಳಿದ ದರ ಫೋಲ್ಡಿಂಗ್‌ನ ಎರಡು ಪಟ್ಟಿಗಿಂತ ಹೆಚ್ಚಿತ್ತು.

ಇಕ್ಕಟ್ಟಾದ ಜೆಟ್ಟಿಗೆ ದಿನವೂ ದೋಣಿ ಕಟ್ಟುವವರಿಗೆ, ಬಿಡಿಭಾಗ ಬೇಗ ತರಿಸಿಕೊಳ್ಳಬಲ್ಲವರಿಗೆ ಫೆದರಿಂಗ್ ಯೋಗ್ಯವೇ. ನಾವು ಹೊಳೆಯ ನಡುವೆ ನೆಲೆನಿಲ್ಲಿಸಿದ ತೇಲುಗುಂಡಿಗೆ, ಅಂದರೆ ಬೋಯಾಕ್ಕೆ ದೋಣಿ ಕಟ್ಟುವವರು, ಹರಿವಿಗೆ ಎದುರಾಗಿ ನಿಧಾನಕ್ಕೆ ಬಂದು ಹಗ್ಗ ಹಿಡಿಯುತ್ತೇವೆ. ರಿವರ್ಸಿನ ಅಗತ್ಯ ತಿಂಗಳಿಗೊಮ್ಮೆ ಬಂದರೆ ಹೆಚ್ಚು. ಫೋಲ್ಡಿಂಗ್ ಕೊಳ್ಳುವವರು ಎರಡು ರೆಕ್ಕೆಗಳ ಬುಡ ಹಲ್ಲುಗಳಿಂದ ಕೂಡಿಕೊಂಡಿರುವ ಮಾದರಿಯನ್ನೇ ಆರಿಸಬೇಕು. ಹಲ್ಲಿಲ್ಲದಿದ್ದರೆ ಕೆಳಗಿನ ರೆಕ್ಕೆ ತನ್ನ ಭಾರಕ್ಕೆ ಜೋತುಬೀಳುತ್ತದೆ. ಹಾಯಿ ಬಿಚ್ಚಿ ಎಂಜಿನ್ ನಿಲ್ಲಿಸಿದ ಮೇಲೆ ಗೇರನ್ನು ರಿವರ್ಸಿಗೆ ಹಾಕಿಡಬೇಕು. ಶಾಫ್ಟ್ ಸುತ್ತುವುದು ನಿಂತಾಗಲೇ ರೆಕ್ಕೆಗಳು ಪೂರ್ತಿ ಮಡಚುತ್ತವೆ. ಕೀಲಿನ ಪಿನ್ನುಗಳು ಸವೆಯುವುದು ಸಹಜ. ಪ್ರತಿ ಮೇ ತಿಂಗಳಲ್ಲಿ ರೆಕ್ಕೆಯ ತುದಿ ಹಿಡಿದು ಅಲುಗಿಸಿ ನೋಡುತ್ತೇವೆ. ಮೂರನೆಯ ವರ್ಷವೂ ಅದು ಹೊಸದರಂತೆಯೇ ಬಿಗಿಯಾಗಿತ್ತು.