ಸೀಡರ್ ಬಾಣದ ಸೆಟ್: ಬಳುಕು ಸರಿ ಇದೆ, ಉದ್ದ ಮಾತ್ರ ಕೇಳಿಕೊಳ್ಳಿ

ನನ್ನದು ಹಳೇ ಮಾದರಿಯ ಲಾಂಗ್‌ಬೋ. ಬಾಣ ಕೂರಲು ಹಿಡಿಯಲ್ಲಿ ಕೊರೆದ ಜಾಗವೇ ಇಲ್ಲ, ಮುಷ್ಟಿಯ ಗೆಣ್ಣಿನ ಮೇಲಿಟ್ಟು ಬಿಡಬೇಕು. ಹಾಗಾಗಿ ಬಾಣ ಕೊಳ್ಳುವಾಗ ಹೊಳಪು, ಬಣ್ಣ ಆಮೇಲೆ. ಮೊದಲು ಬಳುಕು.

ಯಾಕೆ ಅಂದ್ರೆ, ಬಾಣ ಬಿಲ್ಲಿನ ಪಕ್ಕಕ್ಕೆ ಒರಗಿರುತ್ತದೆ. ಬಲಗೈಯವರು ಎಳೆದು ಹಿಡಿದಾಗ ಮೊನೆ ಸ್ವಲ್ಪ ಎಡಕ್ಕೇ ನೋಡುತ್ತದೆ. ಆದರೂ ನೇರ ಹೋಗಿ ನಾಟುತ್ತದೆ, ವಿಚಿತ್ರ ಅಲ್ವಾ? ಹೆದೆ ಬೆರಳಿಂದ ಜಾರಿದ ಕೂಡಲೇ ಹಿಂದಿನ ನೂಕಿಗೆ ಬಾಣ ಬಾಗುತ್ತದೆ, ಹಿಡಿಯನ್ನು ಬಳಸಿಕೊಂಡು ದಾಟುತ್ತದೆ, ಮುಂದೆ ಅತ್ತಿತ್ತ ಬಳುಕುತ್ತಲೇ ನೆಟ್ಟಗಾಗುತ್ತದೆ. 1930ರ ದಶಕದಲ್ಲೇ ಅಮೆರಿಕದ ಭೌತವಿಜ್ಞಾನಿ ಕ್ಲಾರೆನ್ಸ್ ಹಿಕ್‌ಮನ್ ಇದನ್ನು ಅತಿವೇಗದ ಕ್ಯಾಮೆರಾದಲ್ಲಿ ಹಿಡಿದು ತೋರಿಸಿದ್ದರು. ಬಾಣ ಗಟ್ಟಿಯಾದರೆ ಎಡಕ್ಕೆ ಹೋಗುತ್ತದೆ, ಮೆದುವಾದರೆ ಬಲಕ್ಕೆ.

ಈ ಸೆಟ್ಟಿನ ಮೇಲೆ 45 ಪೌಂಡ್ ಸ್ಪೈನ್ ಎಂದು ಬರೆದಿದೆ. ಸ್ಪೈನ್ ಅಂದ್ರೆ ಬಾಣ ಎಷ್ಟು ಗಟ್ಟಿ, ಎಷ್ಟು ಬಳುಕುತ್ತದೆ ಎನ್ನುವ ಅಳತೆ. 26 ಇಂಚು ದೂರದ ಎರಡು ಆಧಾರಗಳ ಮೇಲೆ ಕಡ್ಡಿ ಇಟ್ಟು, ನಡುವೆ 2 ಪೌಂಡ್ ತೂಗುಹಾಕಿದರೆ ಸುಮಾರು 0.58 ಇಂಚು ಬಾಗಬೇಕು. ಡಜನ್ನಿನಲ್ಲಿ ಒಂದು ಬಿಟ್ಟು ಉಳಿದವೆಲ್ಲ ಇದಕ್ಕೆ ತೀರಾ ಹತ್ತಿರ ಬಂದವು. ಮರದ ಬಾಣಕ್ಕೆ ಇದು ಸಣ್ಣ ಮಾತಲ್ಲ. ಆ ಒಂದು ಮಾತ್ರ ಹಠಮಾರಿ, ಯಾವಾಗಲೂ ಎಡಕ್ಕೇ. ಮರದ ಉಂಗುರಗಳ ಅಂಚು ಬಿಲ್ಲಿನ ಕಡೆ ಬರುವ ಹಾಗೆ ಎಲ್ಲದರಲ್ಲೂ ಹೆದೆಯ ಕಚ್ಚು ಕೊರೆದಿದ್ದಾರೆ. ಕೆಲಸ ಗೊತ್ತಿದ್ದವರೇ ಮಾಡಿದ್ದು.

ಗರಿಗಳು 5 ಇಂಚಿನವು, ತುಸು ಓರೆಯಾಗಿ ಅಂಟಿಸಿದ್ದಾರೆ. ಗಾಳಿ ಹಿಡಿದು ಬಾಲವನ್ನು ಹಿಂದಕ್ಕೆ ಎಳೆಯುತ್ತವೆ, ಬಾಣವನ್ನು ತಿರುಗಿಸುತ್ತವೆ, ಬಳುಕು ಬೇಗ ಅಡಗುತ್ತದೆ. ಆದರೆ ಗರಿಯ ದಂಟಿನ ಮುಂತುದಿಯನ್ನು ಉಜ್ಜಿಲ್ಲ, ದಾರವೂ ಸುತ್ತಿಲ್ಲ. ಗೆಣ್ಣಿನ ಮೇಲಿಂದ ಬಿಡುವವರಿಗೆ ಚರ್ಮ ಕೀಳುತ್ತದೆ! ಒಂದೊಂದಕ್ಕೂ ಒಂದು ಹನಿ ಅಂಟು ಹಾಕಿ ನಯ ಮಾಡಿಕೊಂಡೆ.

ದೊಡ್ಡ ತಕರಾರು ಬೇರೆ. ಉದ್ದ ಎಷ್ಟು, ಮೊನೆ ಎಷ್ಟು ಭಾರ ಅಂತ ಪೆಟ್ಟಿಗೆಯ ಮೇಲೆ ಎಲ್ಲೂ ಇಲ್ಲ. ಸುಮ್ನೆ ಸ್ಪೈನ್ ಒಂದೇ ಹೇಳಿದರೆ ಏನು ಮಾಡೋಣ? ಬಾಣ ಉದ್ದವಾದಷ್ಟೂ, ಮೊನೆ ಭಾರವಾದಷ್ಟೂ ಜಾಸ್ತಿ ಬಳುಕುತ್ತದೆ. 28 ಇಂಚು ದಾಟಿದ ಪ್ರತಿ ಇಂಚಿಗೆ 5 ಪೌಂಡ್ ಗಟ್ಟಿ ಕಡ್ಡಿ ಬೇಕು ಎನ್ನುವುದು ರೂಢಿಯ ಲೆಕ್ಕ.

ನನ್ನಂಥ ಬಿಲ್ಲಿದ್ದರೆ ಧೈರ್ಯವಾಗಿ ಕೊಳ್ಳಿ. ಹಿಡಿಯನ್ನು ನಡುವಿನ ತನಕ ಕೊರೆದ ರಿಕರ್ವ್ (ತುದಿಗಳು ಮುಂದಕ್ಕೆ ಬಾಗಿದ ಬಿಲ್ಲು) ಇದ್ದರೆ ಇದೇ ಎಳೆತಕ್ಕೆ ಇನ್ನೂ ಗಟ್ಟಿ ಬಾಣ ಬೇಕಾಗುತ್ತದೆ, ಈ ಸೆಟ್ ಬೇಡ.