ನಲವತ್ತು ದಾಟಿಯೂ ಸ್ಪರ್ಧೆ ಬಿಡದವರಿಗೆ ಕಾನ್ಸೆಪ್ಟ್2 ರೋಎರ್ಗ್ ಹೇಗಿದೆ?

ಜಿಮ್ಮಿನ ಮೂಲೆಯಲ್ಲಿ ಉದ್ದಕ್ಕೆ ಚಾಚಿಕೊಂಡಿರುವ ಈ ರೋಯಿಂಗ್ ಮಷಿನ್ನಿನ ಮೇಲೆ ಹೆಚ್ಚಿನವರು ವಾರ್ಮ್‌ಅಪ್‌ಗೆಂದು ಐದು ನಿಮಿಷ ಕೂತು ಎದ್ದು ಹೋಗುತ್ತಾರೆ. ನಲವತ್ತರ ಮೇಲೆ ಗಂಭೀರವಾಗಿ ಸ್ಪರ್ಧಿಸುವವರಿಗೆ ಅದೇ ಜಿಮ್ಮಿನಲ್ಲಿ, ಬಾರ್‌ಬೆಲ್ ಒಂದನ್ನು ಬಿಟ್ಟರೆ, ಇದಕ್ಕಿಂತ ಉಪಯೋಗದ ಸಾಧನ ಇನ್ನೊಂದಿಲ್ಲ ಎಂಬುದು ನಮ್ಮ ಅಭಿಪ್ರಾಯ. ಅದಕ್ಕೆ ಮುಖ್ಯ ಕಾರಣ ಇದು ಕೊಡುವ ಅಂಕಿ. ಇವತ್ತಿನ ಅಂಕಿಯನ್ನು ಐದು ವರ್ಷದ ಹಿಂದಿನ ನಿಮ್ಮದೇ ಅಂಕಿಯ ಪಕ್ಕದಲ್ಲಿಡಬಹುದು, ಬೇರೆ ದೇಶದ ನಿಮ್ಮ ವಯಸ್ಸಿನವರ ಅಂಕಿಯ ಪಕ್ಕದಲ್ಲೂ ಇಡಬಹುದು.

ಡಿಕ್ ಮತ್ತು ಪೀಟ್ ಡ್ರೈಸಿಗ್ಯಾಕರ್ ಎಂಬ ಅಣ್ಣತಮ್ಮಂದಿರು 1976ರಲ್ಲಿ ದೋಣಿಯ ಹುಟ್ಟುಗಳನ್ನು ತಯಾರಿಸಲು ಶುರುಮಾಡಿದ ಅಮೆರಿಕದ ಕಂಪನಿ ಕಾನ್ಸೆಪ್ಟ್2. ಒಳಾಂಗಣ ಯಂತ್ರ ಬಂದದ್ದು 1981ರಲ್ಲಿ. ಬಹುಕಾಲ ‘ಮಾಡೆಲ್ ಡಿ’ ಎಂದು ಮಾರಾಟವಾದದ್ದಕ್ಕೇ 2021ರಿಂದ ರೋಎರ್ಗ್ ಎಂಬ ಹೆಸರು. ಹೆಸರು ಬದಲಾದರೂ ಯಂತ್ರದ ಮೂಲ ವಿನ್ಯಾಸ ಹಾಗೇ ಉಳಿದಿದೆ, ಹಳೆಯ ಮಾಡೆಲ್‌ಗಳಿಗೂ ಬಿಡಿಭಾಗ ಸಿಗುತ್ತದೆ. ಹತ್ತಾರು ವರ್ಷ ಬಳಸುವ ಲೆಕ್ಕದಲ್ಲಿ ಕೊಳ್ಳುವವರಿಗೆ ಇದು ದೊಡ್ಡ ಸಮಾಧಾನ.

ಅಂಕಿಯನ್ನು ಏಕೆ ನಂಬಬಹುದು ಎಂಬುದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಹ್ಯಾಂಡಲ್ ಎಳೆದಾಗ ಸರಪಳಿ ಒಂದು ಫ್ಲೈವೀಲನ್ನು ತಿರುಗಿಸುತ್ತದೆ. ನೀವು ಮುಂದಕ್ಕೆ ವಾಪಸಾಗುವ ಹೊತ್ತಿನಲ್ಲಿ ಗಾಳಿಯ ತಡೆಯಿಂದ ಆ ಚಕ್ರ ನಿಧಾನವಾಗುತ್ತದೆ. ಎಷ್ಟು ಬೇಗ ನಿಧಾನವಾಯಿತು ಎಂಬುದನ್ನು ಪಿಎಂ5 ಮಾನಿಟರ್ ಪ್ರತಿ ಎಳೆತದಲ್ಲೂ ಹೊಸದಾಗಿ ಅಳೆಯುತ್ತದೆ. ಆ ಅಳತೆಗೆ ಡ್ರ್ಯಾಗ್ ಫ್ಯಾಕ್ಟರ್ ಎನ್ನುತ್ತಾರೆ. ಹೀಗಾಗಿ ಪಕ್ಕದ ಡ್ಯಾಂಪರ್ (ಫ್ಯಾನಿಗೆ ಎಷ್ಟು ಗಾಳಿ ಹೋಗಬೇಕೆಂದು 1ರಿಂದ 10ರವರೆಗೆ ಹೊಂದಿಸುವ ಸನ್ನೆ) ಎಷ್ಟರಲ್ಲಿದ್ದರೂ, ಫ್ಯಾನಿನೊಳಗೆ ಧೂಳು ತುಂಬಿದ್ದರೂ ನಿಮ್ಮ ವಾಟ್ ಲೆಕ್ಕ, ಅಂದರೆ ನೀವು ಹಾಕಿದ ಶಕ್ತಿಯ ಲೆಕ್ಕ, ತಪ್ಪುವುದಿಲ್ಲ. ಮಂಗಳೂರಿಗಿಂತ ಸುಮಾರು 900 ಮೀಟರ್ ಎತ್ತರದಲ್ಲಿರುವ ಬೆಂಗಳೂರಿನಲ್ಲಿ ಗಾಳಿ ತುಸು ತೆಳು. ಅದೇ ಡ್ಯಾಂಪರ್ ಸಂಖ್ಯೆಗೆ ಅಲ್ಲಿಗಿಂತ ಇಲ್ಲಿ ಎಳೆತ ಹಗುರ. ಹಾಗಿದ್ದೂ ಎರಡೂ ಊರಿನ 2000 ಮೀಟರ್ ಸಮಯವನ್ನು ಹೋಲಿಸಲು ಅಡ್ಡಿಯಿಲ್ಲ.

ಡ್ಯಾಂಪರನ್ನು 10ಕ್ಕೆ ತಿರುಗಿಸಿದರೆ ಹೆಚ್ಚು ವ್ಯಾಯಾಮ ಎಂಬ ನಂಬಿಕೆ ಈ ಯಂತ್ರದ ಮೇಲೆ ಅತಿ ಹೆಚ್ಚು ಸೊಂಟ ಕೆಡಿಸಿರುವ ನಂಬಿಕೆ. ಡ್ಯಾಂಪರ್ ಅಂದರೆ ತೂಕ ಅಲ್ಲ. ಸೈಕಲ್ಲಿನ ಗೇರ್ ಇದ್ದಂತೆ. 10ರಲ್ಲಿ ಪ್ರತಿ ಎಳೆತವೂ ನಿಧಾನ, ಭಾರ. ಕಾಲು ದಣಿಯುವ ಮೊದಲೇ ಬೆನ್ನಿನ ಕೆಳಭಾಗ ಆ ಭಾರಕ್ಕೆ ಬಾಗುತ್ತದೆ. ಮಧ್ಯವಯಸ್ಸಿನವರಿಗೆ ನಮ್ಮ ಸಲಹೆ: ಮೋರ್ ಆಪ್ಷನ್ಸ್‌ಗೆ ಹೋಗಿ ಡಿಸ್‌ಪ್ಲೇ ಡ್ರ್ಯಾಗ್ ಫ್ಯಾಕ್ಟರ್ ಒತ್ತಿ, ಹತ್ತು ಎಳೆತ ಎಳೆಯಿರಿ, ಡ್ಯಾಂಪರನ್ನು ಹೊಂದಿಸುತ್ತಾ ಹೋಗಿ. ಹೆಂಗಸರಿಗೆ, ಹಗುರ ದೇಹದವರಿಗೆ 100ರಿಂದ 115. ಉಳಿದವರಿಗೆ 115ರಿಂದ 130. ಚೊಕ್ಕವಾದ ಯಂತ್ರದಲ್ಲಿ ಇದು ಸಾಮಾನ್ಯವಾಗಿ 3ರಿಂದ 5ರ ನಡುವೆ ಬರುತ್ತದೆ. ಜಿಮ್ ಬದಲಾಯಿಸಿದಾಗಲೆಲ್ಲ ಮತ್ತೆ ನೋಡಿಕೊಳ್ಳಿ. ಡ್ಯಾಂಪರ್ ಸಂಖ್ಯೆ ಅಲ್ಲಿಗೆ ಬೇರೆಯೇ ಇರುತ್ತದೆ.

ಈಗ ವಯಸ್ಸಿನ ವಿಷಯ. ನಲವತ್ತರ ನಂತರ ಗರಿಷ್ಠ ಹೃದಯ ಬಡಿತ ವರ್ಷಕ್ಕೆ ಒಂದಕ್ಕಿಂತ ಸ್ವಲ್ಪ ಕಡಿಮೆಯಂತೆ ಇಳಿಯುತ್ತದೆ, ವೇಗದ ಸ್ನಾಯು ತಂತುಗಳು ಸೊರಗುತ್ತವೆ, ಸ್ನಾಯುರಜ್ಜುಗಳು ಚೇತರಿಸಿಕೊಳ್ಳಲು ಹೆಚ್ಚು ದಿನ ಕೇಳುತ್ತವೆ. ಉಸಿರಿನ ಸಾಮರ್ಥ್ಯ ಉಳಿಸಿಕೊಳ್ಳಲು, ನಡುನಡುವೆ ಬಿಡುವು ಕೊಟ್ಟು ಜೋರಾಗಿ ಮಾಡುವ ತೀವ್ರ ಇಂಟರ್‌ವಲ್ ಬೇಕೇ ಬೇಕು. ಆದರೆ ಅದೇ ಇಂಟರ್‌ವಲ್ಲನ್ನು ರಸ್ತೆಯಲ್ಲಿ ಓಡಿದರೆ ಮೀನಖಂಡವೋ ಅಕಿಲಿಸ್ಸೋ ಕೈಕೊಡುತ್ತದೆ. ಈ ಇಕ್ಕಟ್ಟಿಗೆ ರೋಎರ್ಗ್ ಒಳ್ಳೆಯ ದಾರಿ. ಪಾದ ನೆಲಕ್ಕೆ ಅಪ್ಪಳಿಸುವುದಿಲ್ಲ, ಭಾರವನ್ನು ತಡೆದು ಇಳಿಸುವ ಕೆಲಸ ಸ್ನಾಯುಗಳಿಗೆ ಇರುವುದಿಲ್ಲ. ಹಾಗಾಗಿ ಮಾರನೇ ದಿನದ ಮೈಕೈ ನೋವು ಓಟಕ್ಕಿಂತ ಬಹಳ ಕಡಿಮೆ. ಕಾಲು, ಬೆನ್ನು, ತೋಳು ಒಟ್ಟಿಗೆ ದುಡಿಯುವುದರಿಂದ ಹೃದಯಕ್ಕೆ ಸಿಗುವ ಕೆಲಸ ಮಾತ್ರ ಪೂರ್ತಿ.

ಇದರ ಇನ್ನೊಂದು ಮುಖವನ್ನೂ ಹೇಳಲೇಬೇಕು. ಹೊಡೆತ ಇಲ್ಲದ ಕಾರಣಕ್ಕೇ ಎಲುಬಿಗೆ ಬೇಕಾದ ಪ್ರಚೋದನೆಯೂ ಕಡಿಮೆ. ಒಂದೊಂದು ಎಳೆತದ ಬಲ ಸ್ಕ್ವಾಟ್, ಡೆಡ್‌ಲಿಫ್ಟ್‌ಗಳ ಹತ್ತಿರಕ್ಕೂ ಬರುವುದಿಲ್ಲ. ಋತುಬಂಧದ ಆಸುಪಾಸಿನ ಹೆಂಗಸರು ಇದೊಂದನ್ನೇ ನೆಚ್ಚಿಕೊಳ್ಳಬಾರದು, ಗಂಡಸರೂ ಅಷ್ಟೆ. ವಾರಕ್ಕೆ ಎರಡು ದಿನ ಬಾರ್‌ಬೆಲ್ ಇರಲಿ: ಸ್ಕ್ವಾಟ್, ಡೆಡ್‌ಲಿಫ್ಟ್, ಒಂದು ನೂಕುವ ಚಲನೆ, ಒಂದು ಎಳೆಯುವ ಚಲನೆ, ತಲಾ 3 ಸೆಟ್, 5 ಸಲ. ಉದ್ದದ ರೋಯಿಂಗ್ ಮುಗಿಸಿದ ಕೂಡಲೇ ಡೆಡ್‌ಲಿಫ್ಟ್ ಮಾಡಬೇಡಿ. ಬೆನ್ನುಮೂಳೆಯ ಪಕ್ಕದ ಸ್ನಾಯುಗಳು ಆಗಲೇ ದಣಿದಿರುತ್ತವೆ, ಬೆನ್ನು ನೆಟ್ಟಗೆ ನಿಲ್ಲುವುದಿಲ್ಲ.

ಎಳೆತದ ಕ್ರಮ ಕಾಲು, ಬೆನ್ನು, ತೋಳು. ವಾಪಸಾಗುವಾಗ ತೋಳು, ಬೆನ್ನು, ಕಾಲು. ವಾಪಸಾಗುವುದಕ್ಕೆ ಎಳೆಯುವುದರ ಹೆಚ್ಚುಕಡಿಮೆ ಎರಡರಷ್ಟು ಸಮಯ ಕೊಡಿ. ಪಾದದ ಪಟ್ಟಿ ಶೂವಿನ ಅತಿ ಅಗಲವಾದ ಜಾಗದ ಮೇಲೆ ಬರಬೇಕು. ಮುಂದಕ್ಕೆ ಹೋದಾಗ ಮೊಣಕಾಲಿನ ಕೆಳಗಿನ ಎಲುಬು ನೆಟ್ಟಗೆ ನಿಂತರೆ ಸಾಕು, ಅದಕ್ಕಿಂತ ಮುಂದೆ ತೂರಿಕೊಳ್ಳಬೇಡಿ. ದಿನವಿಡೀ ಕುರ್ಚಿಯಲ್ಲಿ ಕೂತು ಸೊಂಟದ ಕೀಲು ಬಿಗಿದುಕೊಂಡವರು ಆ ಕೊನೆಯ ಎರಡು ಇಂಚಿಗಾಗಿ ಕೆಳಬೆನ್ನನ್ನು ಗೂನು ಮಾಡುತ್ತಾರೆ. ಡಿಸ್ಕ್ ತೊಂದರೆ ಹೆಚ್ಚಾಗಿ ಅಲ್ಲಿಂದಲೇ ಶುರು. ಪಾದದ ಹಲಗೆಯನ್ನು ಒಂದೆರಡು ತೂತು ಕೆಳಗಿಳಿಸಿದರೆ ಈ ತೊಂದರೆ ಅರ್ಧ ನೀಗುತ್ತದೆ. ಸರಪಳಿ ಮೇಲೆ ಕೆಳಗೆ ಕುಣಿಯುತ್ತಿದ್ದರೆ ಹ್ಯಾಂಡಲ್ ನೇರ ಗೆರೆಯಲ್ಲಿ ಹೋಗುತ್ತಿಲ್ಲ, ಅಂದರೆ ಕೈ ಮೊಣಕಾಲನ್ನು ದಾಟುವ ಮೊದಲೇ ಕಾಲು ಮಡಿಯುತ್ತಿದೆ ಎಂದರ್ಥ. ಮಣಿಕಟ್ಟು ಬಗ್ಗಿಸಿ ಬಿಗಿಯಾಗಿ ಹಿಡಿಯುವವರಿಗೆ ಮುಂಗೈ ನೋವು ಬರುತ್ತದೆ. ಬೆರಳುಗಳ ಕೊಕ್ಕೆಯಲ್ಲಿ ಹ್ಯಾಂಡಲ್ ನೇತುಬಿದ್ದಂತಿದ್ದರೆ ಸಾಕು. ಉಸಿರು ಕಟ್ಟಿ ಎಳೆಯಬೇಡಿ, ಎಳೆಯುವಾಗ ಉಸಿರು ಬಿಡಿ. ರಕ್ತದೊತ್ತಡ ಇರುವವರಿಗೆ ಇದು ಇನ್ನೂ ಮುಖ್ಯ. ನಲವತ್ತರ ಮೇಲೆ ಮೊದಲ ಬಾರಿ ತೀವ್ರ ಇಂಟರ್‌ವಲ್‌ಗೆ ಇಳಿಯುವವರು ವೈದ್ಯರಲ್ಲಿ ಹೃದಯ ತಪಾಸಣೆ ಮಾಡಿಸಿಕೊಂಡೇ ಇಳಿಯಲಿ.

ಮಾನಿಟರಿನಲ್ಲಿ 500 ಮೀಟರಿನ ಪೇಸ್ (500 ಮೀಟರಿಗೆ ತಗಲುವ ನಿಮಿಷ, ಸೆಕೆಂಡು) ಬದಲು ವಾಟ್ ನೋಡುವ ಅಭ್ಯಾಸ ಮಾಡಿಕೊಳ್ಳಿ. ವೇಗದ ಘನಕ್ಕೆ ತಕ್ಕಂತೆ ಶಕ್ತಿ ಬೇಕು. 2:05ರ ಪೇಸಿಗೆ 179 ವಾಟ್, 2:00ಕ್ಕೆ 203, 1:50ಕ್ಕೆ 263. ಐದು ಸೆಕೆಂಡು ಇಳಿಸಲು ಶೇ. 13ರಷ್ಟು ಹೆಚ್ಚು ಶಕ್ತಿ ಕೇಳುತ್ತದೆ! ಇದೇ ಲೆಕ್ಕ ತಿರುಗಿಸಿದರೆ ವಯಸ್ಸಾದವರ ಪರ. ನಿಮ್ಮ ಶಕ್ತಿ ಶೇ. 10ರಷ್ಟು ಕುಸಿದರೂ 2:00ರ ಪೇಸ್ 2:04ರ ಆಸುಪಾಸಿನಲ್ಲಿ ನಿಲ್ಲುತ್ತದೆ, 2000 ಮೀಟರಿನ 8:00 ಸುಮಾರು 8:17 ಆಗುತ್ತದೆ. ಸಮಯ ಮಾತ್ರ ನೋಡುವವರಿಗೆ ಕುಸಿತ ತಡವಾಗಿ ಗೊತ್ತಾಗುತ್ತದೆ. ವಾಟ್ ನೋಡುವವರಿಗೆ ಮೊದಲೇ ಎಚ್ಚರಿಕೆ ಸಿಗುತ್ತದೆ, ತರಬೇತಿ ತಿದ್ದಿಕೊಳ್ಳಲು ಸಮಯ ಇರುತ್ತದೆ.

ಸ್ಪರ್ಧೆಯ ವ್ಯವಸ್ಥೆಗೆ ಈ ಕಂಪನಿಯನ್ನು ಮನಸಾರೆ ಮೆಚ್ಚಬೇಕು. ಆನ್‌ಲೈನ್ ಲಾಗ್‌ಬುಕ್ ಉಚಿತ. ಮೇ 1ರಿಂದ ಏಪ್ರಿಲ್ 30ರವರೆಗೆ ಒಂದು ಋತು. 500 ಮೀಟರಿನಿಂದ ಪೂರ್ಣ ಮ್ಯಾರಥಾನಿನವರೆಗೆ ರ‍್ಯಾಂಕಿಂಗ್ ಇದೆ, 40–49, 50–59 ಹೀಗೆ ವಯಸ್ಸಿನ ಗುಂಪುಗಳಿವೆ. ತೂಕದ ವಿಭಾಗವನ್ನು ನಮ್ಮವರು ಗಮನಿಸಬೇಕು: ಗಂಡಸರು 75 ಕೆಜಿ, ಹೆಂಗಸರು 61.5 ಕೆಜಿ ಒಳಗಿದ್ದರೆ ಲೈಟ್‌ವೇಟ್. ದೊಡ್ಡ ದೇಹದವರಿಗೆ ಈ ಯಂತ್ರ ಅನುಕೂಲ ಮಾಡಿಕೊಡುತ್ತದೆ, ಏಕೆಂದರೆ ಇಲ್ಲಿ ಸ್ವಂತ ತೂಕವನ್ನು ನೀರಿನ ಮೇಲೆ ಹೊತ್ತೊಯ್ಯಬೇಕಿಲ್ಲ. 68 ಕೆಜಿಯ ಮನುಷ್ಯ 95 ಕೆಜಿಯವರ ಸಮಯ ನೋಡಿ ಎದೆಗುಂದುವುದು ಸರಿಯಲ್ಲ, ತನ್ನ ವಿಭಾಗದ ಪಟ್ಟಿ ತೆರೆದು ನೋಡಲಿ.

ಓಟ ಮತ್ತು ವ್ಯಾಯಾಮದ ಠಾಣೆಗಳು ಸರದಿಯಲ್ಲಿ ಬರುವ ಹೈರಾಕ್ಸ್ ಸ್ಪರ್ಧೆಗೆ ತಯಾರಾಗುವವರಿಗೂ ಇದೇ ಯಂತ್ರ. 2025ರಲ್ಲಿ ಮುಂಬೈಗೆ ಬಂದ ಈ ಸ್ಪರ್ಧೆಯಲ್ಲಿ ಐದನೇ ಠಾಣೆ 1000 ಮೀಟರ್ ರೋಯಿಂಗ್. ಅಲ್ಲಿ 2:05ರಿಂದ 2:00ಕ್ಕೆ ಏರಿಸಿದರೆ ಉಳಿಯುವುದು ಹತ್ತೇ ಸೆಕೆಂಡು. ಮುಂದೆ ಮೂರು ಕಿಲೋಮೀಟರ್ ಓಟ, ಸ್ಯಾಂಡ್‌ಬ್ಯಾಗ್ ಲಂಜ್, ವಾಲ್‌ಬಾಲ್ ಬಾಕಿ ಇರುವಾಗ ಅದಕ್ಕೆ ಶೇ. 13 ಹೆಚ್ಚು ಶಕ್ತಿ ಸುರಿಯುವುದು ನಷ್ಟದ ವ್ಯಾಪಾರ.

2000 ಮೀಟರನ್ನು 8:00ಕ್ಕೆ ಮುಗಿಸುವ ಗುರಿ ಇದ್ದರೆ ವಾರದಲ್ಲಿ ಎರಡು ದಿನ ನಿಧಾನದ ಎಳೆತ: 40ರಿಂದ 60 ನಿಮಿಷ, ನಿಮಿಷಕ್ಕೆ 18ರಿಂದ 20 ಎಳೆತ, ಪೇಸ್ 2:20ರ ಸುತ್ತ. ಮಾತಾಡಲು ಆಗದಿದ್ದರೆ ವೇಗ ಹೆಚ್ಚಾಯಿತು ಎಂದೇ ಲೆಕ್ಕ. ಒಂದು ದಿನ ತೀವ್ರ: ಒಂದು ವಾರ 500 ಮೀಟರ್ 8 ಸಲ, ನಡುವೆ ಮೂರೂವರೆ ನಿಮಿಷ ಬಿಡುವು, ಪೇಸ್ 2:00, ಮುಂದಿನ ವಾರ 1000 ಮೀಟರ್ 4 ಸಲ, 5 ನಿಮಿಷ ಬಿಡುವು, ಪೇಸ್ 2:03–2:04. ತೀವ್ರ ದಿನದ ನಂತರ 48 ಗಂಟೆ ಇನ್ನೊಂದು ತೀವ್ರ ಕೆಲಸ ಬೇಡ. ವಾರ್ಮ್‌ಅಪ್‌ಗೆ ಕನಿಷ್ಠ 15 ನಿಮಿಷ: ಹತ್ತು ನಿಮಿಷ ಹಗುರ, ಆಮೇಲೆ ಹತ್ತು ಜೋರು ಎಳೆತಗಳ ಮೂರು ಸುತ್ತು. ಐವತ್ತರವರು ಇದನ್ನು ಬಿಟ್ಟರೆ ಮೊದಲ ಇಂಟರ್‌ವಲ್ ಹಾಳಾಗುತ್ತದೆ. ಹೆಚ್ಚಿನವರು ಎಡವುವುದು ಎಲ್ಲ ದಿನವೂ ನಡುಮಟ್ಟದ ವೇಗದಲ್ಲಿ ಎಳೆದು. ದಣಿವು ಏರುತ್ತದೆ, ಅಂಕಿ ಏರುವುದಿಲ್ಲ. ಪರೀಕ್ಷೆಯ ದಿನ ಮೊದಲ 500 ಮೀಟರನ್ನು 1:52ಕ್ಕೆ ಹೊಡೆದು ಮೂರನೆಯದರಲ್ಲಿ 2:10ಕ್ಕೆ ಬೀಳುವುದು ಇನ್ನೊಂದು ಹಳೇ ಕಾಯಿಲೆ. 2:01, 2:00, 2:01, 1:58 ಎಂದು ಹಂಚಿಕೊಳ್ಳಿ.

ಕೊರತೆಗಳೂ ಇವೆ. ಉದ್ದ 244 ಸೆಂ.ಮೀ., ಎಳೆಯಲು 9 ಅಡಿ ಉದ್ದ, 4 ಅಡಿ ಅಗಲದ ಜಾಗ ಬೇಕು. ಎರಡು ತುಂಡಾಗಿ ಬಿಡಿಸಿ ನಿಲ್ಲಿಸಬಹುದು, ಪಾನಾ ಬೇಡ, ಒಟ್ಟು ತೂಕ 26 ಕೆಜಿ. ಫ್ಯಾನಿನ ಸದ್ದು ಜೋರು. ಅಪಾರ್ಟ್‌ಮೆಂಟಿನಲ್ಲಿ ಬೆಳಗಿನ ಐದಕ್ಕೆ ಎಳೆಯುವವರು ಕೆಳಗೆ ದಪ್ಪ ರಬ್ಬರ್ ಮ್ಯಾಟ್ ಹಾಕಿದರೂ ಗಾಳಿಯ ಸದ್ದು ನಿಲ್ಲುವುದಿಲ್ಲ. ಸೀಟು ಗಟ್ಟಿ, ಅರ್ಧ ಗಂಟೆ ದಾಟಿದರೆ ಕುಂಡೆ ಜೋಮು ಹಿಡಿಯುತ್ತದೆ, ತೆಳು ಫೋಮ್ ಪ್ಯಾಡ್ ಬೇಕಾಗುತ್ತದೆ. ಸೀಟಿನ ಎತ್ತರ 36 ಸೆಂ.ಮೀ. ಮಾತ್ರ, ಮೊಣಕಾಲು ತೊಂದರೆ ಇರುವವರು 51 ಸೆಂ.ಮೀ. ಎತ್ತರದ ಕಾಲುಗಳಿರುವುದನ್ನೇ ಕೇಳಿ ತರಿಸಿ. ಬೆಲೆ ಭಾರತದಲ್ಲಿ ಲಕ್ಷ ದಾಟುತ್ತದೆ. ಮೂವತ್ತು ಸಾವಿರದ ಮ್ಯಾಗ್ನೆಟಿಕ್ ಯಂತ್ರದಲ್ಲೂ ಬೆವರು ಬರುತ್ತದೆ, ಆರೋಗ್ಯಕ್ಕಷ್ಟೇ ಆದರೆ ಅದು ಸಾಕು. ಅದರ ಅಂಕಿಯನ್ನು ಬೇರೆ ಯಂತ್ರದ ಜೊತೆ ಹೋಲಿಸುವಂತಿಲ್ಲ, ಸ್ಪರ್ಧೆಗೆ ಬರುವುದಿಲ್ಲ.

ನಿಗಾ ಸುಲಭ. ಪ್ರತಿ ಬಳಕೆಯ ನಂತರ ಸೀಟು ಓಡುವ ಹಳಿಯನ್ನು ಬಟ್ಟೆಯಿಂದ ಒರೆಸಿ, ಕೊಳೆ ಕೂತರೆ ಸೀಟು ಕುಲುಕುತ್ತದೆ. 50 ಗಂಟೆಗೊಮ್ಮೆ ಒಂದು ಟೀ ಚಮಚ ಹೊಲಿಗೆ ಯಂತ್ರದ ಎಣ್ಣೆಯನ್ನು ಬಟ್ಟೆಗೆ ಹಾಕಿ ಸರಪಳಿಗೆ ಸವರಿ. ಡಬ್ಲ್ಯೂಡಿ-40 ಬೇಡ, ಅದು ಇರುವ ಎಣ್ಣೆಯನ್ನೂ ತೊಳೆದುಬಿಡುತ್ತದೆ. ಕರಾವಳಿಯಲ್ಲಿ, ಮಲೆನಾಡಿನ ಮಳೆಗಾಲದಲ್ಲಿ ಇನ್ನೂ ಬೇಗ ಬೇಗ ಎಣ್ಣೆ ಕಾಣಿಸಿ. ಮಾನಿಟರಿಗೆ ಎರಡು ದಪ್ಪ ಟಾರ್ಚ್ ಸೆಲ್ ಸಾಕು, ಕರೆಂಟ್ ಬೇಡ. ತಿಂಗಳುಗಟ್ಟಲೆ ಬಳಸದಿದ್ದರೆ ಸೆಲ್ ತೆಗೆದಿಡಿ.

ಸೆಕೆಂಡ್ ಹ್ಯಾಂಡ್ ಕೊಳ್ಳುವುದು ಜಾಣತನ, ಜಿಮ್ ಮುಚ್ಚಿದವರಿಂದ ಆಗಾಗ ಸಿಗುತ್ತದೆ. ಹೋದಾಗ ನಾಲ್ಕು ವಿಷಯ ನೋಡಿ. ಹ್ಯಾಂಡಲ್ ಬಿಟ್ಟರೆ ಪೂರ್ತಿ ಒಳಗೆ ಹೋಗಬೇಕು. ಜೋತುಬಿದ್ದರೆ ಒಳಗಿನ ರಬ್ಬರ್ ಹಗ್ಗ ಸಡಿಲ, ಬಿಗಿ ಮಾಡಿದರೆ ಸರಿಹೋಗುತ್ತದೆ. ಸರಪಳಿಯ ಕೊಂಡಿಗಳು ತುಕ್ಕಿನಿಂದ ಬಿಗಿದಿದ್ದರೆ ಸರಪಳಿಯ ಬೆಲೆ ಕಳೆದು ಕೇಳಿ. ಹ್ಯಾಂಡಲ್ ಸರಪಳಿಗೆ ಸೇರುವ ಕೊಂಡಿ ಸವೆದಿದೆಯೇ ನೋಡಿ. ಕೊನೆಗೆ ಡ್ಯಾಂಪರ್ 10ಕ್ಕಿಟ್ಟು ಡ್ರ್ಯಾಗ್ ಫ್ಯಾಕ್ಟರ್ ಓದಿ: 150ರ ಸುತ್ತ ನಿಂತರೆ ಫ್ಯಾನ್ ತುಂಬ ಧೂಳು, ಕವರ್ ಬಿಚ್ಚಿ ವ್ಯಾಕ್ಯೂಮ್ ಹಾಕಿದರೆ ಹೋಗುತ್ತದೆ. ಹೊಸದಕ್ಕೆ ಕಂಪನಿ ಲೋಹದ ಚೌಕಟ್ಟಿಗೆ 5 ವರ್ಷ, ಉಳಿದ ಭಾಗಗಳಿಗೆ 2 ವರ್ಷದ ವಾರಂಟಿ ಕೊಡುತ್ತದೆ. ಮಾರುವವರು ಅದನ್ನು ಬಿಲ್ಲಿನಲ್ಲಿ ಬರೆದುಕೊಡುತ್ತಾರೆಯೇ, ಬಿಡಿಭಾಗ ಎಷ್ಟು ದಿನದಲ್ಲಿ ತರಿಸುತ್ತಾರೆ ಎಂದು ಹಣ ಕೊಡುವ ಮೊದಲೇ ಕೇಳಿ.